ಸಾಕ್ಷ್ಯ ಮತ್ತು ಸಹಭಾಗಿತ್ವ: ಗ್ವಾಟೆಮಾಲಾದ ಒಂದು ವರದಿ

ಪ್ರಭುತ್ವವೇ ಹಿಂಸೆಯನ್ನೆಸಗಿದಲ್ಲಿ ಅದರ ದಫ್ತರಗಳು ಚರಿತ್ರಕಾರನಿಗೆ ಸಾಲವು; ನೊಂದವರ ನೆನಪೇ ಮುಖ್ಯ ಆಕರವಾಗುತ್ತದೆ. ಆದರೆ ಆ ಜನರು ಕೇವಲ ಹೇಳಿಕೆ ಕೊಡುವವರೋ, ಸಂಶೋಧನೆಯಲ್ಲಿ ಪಾಲುಗಾರರೋ? ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ 1998ರಲ್ಲಿ ಹೊರಬಂದ ‘ನುಂಕಾ ಮಾಸ್’, ಎಂದರೆ ‘ಇನ್ನೆಂದಿಗೂ ಕೂಡದು’, ಎಂಬ ನಾಲ್ಕು ಸಂಪುಟಗಳ ವರದಿಯನ್ನು ಈ ಪ್ರಶ್ನೆಯ ಒರೆಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಆ ದೇಶದ ಅಂತರ್ಯುದ್ಧವು 1960ರಿಂದ 1996ರವರೆಗೆ ನಡೆಯಿತು. ಸತ್ತವರೂ ಕಣ್ಮರೆಯಾದವರೂ 2,00,000ಕ್ಕೆ ಮಿಕ್ಕವರೆಂದು ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನ ಆಯೋಗವು 1999ರಲ್ಲಿ ಅಂದಾಜು ಮಾಡಿತು. ತಾನು ದಾಖಲಿಸಿದ ಕೃತ್ಯಗಳಲ್ಲಿ ನೂರಕ್ಕೆ 93ರ ಹೊಣೆಯನ್ನು ಪ್ರಭುತ್ವದ ಪಡೆಗಳ ಮೇಲೂ ಅವುಗಳ ಸಹಚರರ ಮೇಲೂ ಹೊರಿಸಿತು. ಬಲಿಯಾದವರಲ್ಲಿ ಬಹುಮಂದಿ ಮಾಯಾ ಜನರು. ಆಯೋಗಕ್ಕೂ ಮುನ್ನವೇ ಅಲ್ಲಿನ ಕ್ಯಾಥೊಲಿಕ್ ಧರ್ಮಸಂಸ್ಥೆಯು ಬಿಷಪ್ ಹ್ವಾನ್ ಹೆರಾರ್ದಿಯವರ ಮುಂದಾಳ್ತನದಲ್ಲಿ ಚಾರಿತ್ರಿಕ ಸ್ಮೃತಿಯ ಸಂಗ್ರಹಕ್ಕೆ ತೊಡಗಿತ್ತು. ತರಬೇತಿ ಪಡೆದ ಸುಮಾರು 600 ಮಂದಿ ಸ್ಥಳೀಯರು ಮಾಯಾ ಭಾಷೆಗಳಲ್ಲಿಯೂ ಸ್ಪ್ಯಾನಿಷಿನಲ್ಲಿಯೂ 5,000ಕ್ಕೆ ಮೇಲ್ಪಟ್ಟ ಸಾಕ್ಷ್ಯಗಳನ್ನು ಕಲೆಹಾಕಿದರು.

ಈ ವಿಧಾನದ ಗುಣ ನಿರ್ವಿವಾದವಾದುದು. ಏನಾಯಿತೆಂದು ಕೇಳಿ ಬಿಡದೆ, ಅದನ್ನು ಹೇಗೆ ಎದುರಿಸಿದಿರಿ, ಮರುಕಳಿಸದಿರಲು ಏನಾಗಬೇಕು ಎಂದೂ ಕೇಳಲಾಯಿತು. ಸಂಪುಟಗಳ ಕ್ರಮವೂ ಗಮನಾರ್ಹ: ಹಿಂಸೆಯ ಪರಿಣಾಮಗಳು ಮೊದಲನೆಯದರಲ್ಲಿ, ಹಿಂಸೆಯ ಯಂತ್ರ ಎರಡನೆಯದರಲ್ಲಿ, ಚರಿತ್ರೆಯ ಹಿನ್ನೆಲೆ ಬರುವುದು ಮೂರನೆಯದರಲ್ಲಿ. ಬಲಿಯಾದವರಿಗೆ ಕೊನೆಯ ಸಂಪುಟವೇ ಮೀಸಲು. ಹಿನ್ನೆಲೆಯಿಂದ ಆರಂಭಿಸುವ ನಮ್ಮ ವಾಡಿಕೆಗೆ ಇದೊಂದು ಸಾರ್ಥಕವಾದ ತಿದ್ದುಪಡಿ.

ಕೊರತೆಯೂ ಉಂಟು. ಸಾಕ್ಷ್ಯಗಳು ತುಣುಕುಗಳಾಗಿ, ಪ್ರಕರಣದ ಸಂಖ್ಯೆ, ಊರು, ವರ್ಷಗಳೊಡನೆ ತಜ್ಞರ ಅಧ್ಯಾಯಗಳಲ್ಲಿ ಹಂಚಿಹೋಗಿವೆ. ಹೆಸರುಗಳನ್ನು ಮರೆಸಿದುದು ಸಾಕ್ಷಿಗಳ ರಕ್ಷಣೆಗಾಗಿ, ಅದನ್ನು ಆಕ್ಷೇಪಿಸಲಾಗದು. ಆದರೆ ಹೇಳಿದವಳು ಯಾವುದನ್ನು ಮೊದಲು ಹೇಳಿದಳು, ಎಲ್ಲಿ ಮಾತು ನಿಲ್ಲಿಸಿದಳು, ಯಾವುದನ್ನು ಕಾರಣವೆಂದು ಬಗೆದಳು ಎಂಬುದು ತುಣುಕಿನಲ್ಲಿ ಉಳಿಯುವುದಿಲ್ಲ. ಸಂಗ್ರಹದಲ್ಲಿ ಜನರಿಗೆ ದೊರೆತ ಪಾಲು ವ್ಯಾಖ್ಯಾನದಲ್ಲಿ ದೊರೆಯಲಿಲ್ಲ. ವರದಿಯನ್ನು ಊರೂರಿಗೆ ಮರಳಿಸುವ ಹಂತವೊಂದು ಯೋಜನೆಯಲ್ಲೇ ಇತ್ತೆಂಬುದು ಸರಿ. ಆದರೆ ಬರೆದು ಮುಗಿದ ಮೇಲೆ ಓದಿಹೇಳುವುದು ಬೇರೆ, ಬರೆಯುವಾಗಲೇ ಕೇಳುವುದು ಬೇರೆ.

ವರದಿ ಅರ್ಪಿತವಾದುದು 1998ರ ಏಪ್ರಿಲ್ 24ರಂದು; 26ರ ರಾತ್ರಿ ಹೆರಾರ್ದಿಯವರ ಕೊಲೆಯಾಯಿತು. 2001ರಲ್ಲಿ ಮೂವರು ಸೈನಿಕರಿಗೂ ಒಬ್ಬ ಪಾದ್ರಿಗೂ ಶಿಕ್ಷೆ ವಿಧಿಸಲಾಯಿತು. ಬಿಷಪ್ಪರಿಗೇ ಹೀಗಾದ ನಾಡಿನಲ್ಲಿ ಬಾಯಿಬಿಟ್ಟ ಹಳ್ಳಿಗನ ಅಪಾಯವೆಷ್ಟೆಂಬುದನ್ನು ಊಹಿಸಬಹುದು. ಅಪಾಯದಲ್ಲಿ ಪಾಲುಗೊಂಡವನಿಗೆ ಅರ್ಥನಿರ್ಣಯದಲ್ಲಿಯೂ ಪಾಲಿರಬೇಕು. ಈ ಮಹತ್ಕೃತಿಯನ್ನು ಮಾದರಿಯಾಗಿ ಹಿಡಿಯುವ ಸಂಶೋಧಕರು ಅದು ಅರ್ಧಕ್ಕೆ ಬಿಟ್ಟ ಈ ಕೆಲಸದಿಂದಲೇ ತೊಡಗುವುದು ಯುಕ್ತ.