ಹಗಲು ಕಟ್ಟಿದ್ದು ಇರುಳು ಕುಸಿದುದೇಕೆ? : ಬಲಿಯ ಆಶಯ ಮತ್ತು ಏರಿಯ ಬಲವಿಜ್ಞಾನ

ಕಟ್ಟಡದ ಭದ್ರತೆಗಾಗಿ ನರಬಲಿ ನೀಡುವ ಆಶಯವು ಜಾಗತಿಕ ಜಾನಪದದಲ್ಲಿ ಬಹುಚರ್ಚಿತವಾದುದು. ಸ್ಟಿತ್ ಥಾಂಪ್ಸನ್ ಅವರ ಆಶಯಸೂಚಿಯಲ್ಲಿ ಇದಕ್ಕೆ ಎಸ್ 261 ಎಂಬ ಸಂಖ್ಯೆಯಿದೆ. ಅಲನ್ ಡಂಡಸ್ 1996ರಲ್ಲಿ ಸಂಪಾದಿಸಿದ ‘ದಿ ವಾಲ್ಡ್ ಅಪ್ ವೈಫ್’ ಗ್ರಂಥವು ಬಾಲ್ಕನ್ ಕಥನಗೀತೆಗಳನ್ನೂ ಭಾರತೀಯ ಪಾಠಗಳನ್ನೂ ಒಂದೆಡೆ ಚರ್ಚೆಗೆ ತಂದಿತು. ನಮ್ಮ ‘ಕೆರೆಗೆ ಹಾರ’ವನ್ನೂ ಇದೇ ಕುಟುಂಬಕ್ಕೆ ಸೇರಿಸುವುದು ವಾಡಿಕೆ. ಈ ತೌಲನಿಕ ಅಧ್ಯಯನಗಳಿಂದ ಬಲಿಯ ಅರ್ಥವೇನೆಂಬುದು ಸಾಕಷ್ಟು ಸ್ಪಷ್ಟವಾಗಿದೆ. ಆದರೆ ಬಲಿಗೆ ಕಾರಣವಾದ ಕುಸಿತವನ್ನು ಕುರಿತ ವಿಚಾರ ಅಷ್ಟಾಗಿ ನಡೆದಿಲ್ಲ. ಆ ದಿಕ್ಕಿನಲ್ಲಿ ಕೆಲವು ಮಾತುಗಳನ್ನು ಹೇಳುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಭೇದವನ್ನು ಗುರುತಿಸಬೇಕು. ಗ್ರೀಸಿನ ಆರ್ಟಾ ಸೇತುವೆ, ರುಮೇನಿಯಾದ ಮಾನೊಲೆಯ ಮಠ, ಸರ್ಬಿಯನ್ ಗೀತೆಯ ಸ್ಕದರ್ ಕೋಟೆ ಇವೆಲ್ಲವೂ ಹಗಲು ಕಟ್ಟಿದ್ದು ಇರುಳು ಬೀಳುವ ಕಥೆಗಳು. ‘ಕೆರೆಗೆ ಹಾರ’ದಲ್ಲಾದರೋ ಕಲ್ಲನಕೇರಿ ಮಲ್ಲನಗೌಡನು ಕಟ್ಟಿಸಿದ ಕೆರೆ ಕುಸಿಯುವುದಿಲ್ಲ, ಅದಕ್ಕೆ ನೀರು ಬರುವುದಿಲ್ಲ. ಏರಿಗೆ ನೀರೇ ಹೊರೆ. ಒಂದು ಕಥೆ ಹೊರೆಯನ್ನು ತಾಳಲಾರದ ರಚನೆಯದು, ಇನ್ನೊಂದು ಹೊರೆಯೇ ಬಾರದ ರಚನೆಯದು. ಭಾಗೀರತಿಯ ತ್ಯಾಗವನ್ನು ಬಾಲ್ಕನ್ ಪಾಠಗಳೊಡನೆ ಇಡುವಾಗ ಈ ವ್ಯತ್ಯಾಸವನ್ನು ಮರೆಯಲಾಗದು.

ಕುಸಿತದ ಆಶಯ ಕನ್ನಡ ನೆಲದಲ್ಲಿ ಇಲ್ಲವೆಂದಲ್ಲ. ಅದರ ಮುಖ್ಯ ಸಾಕ್ಷ್ಯ ಸಿಗುವುದು ಹಾಡಿನಲ್ಲಲ್ಲ, ಪ್ರವಾಸಿಗರ ಬರಹದಲ್ಲಿ. ಕೃಷ್ಣದೇವರಾಯನು ಕಟ್ಟಿಸಿದ ದೊಡ್ಡ ಕೆರೆಯನ್ನು ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಇಬ್ಬರೂ ವರ್ಣಿಸಿದ್ದಾರೆ. ರಾಬರ್ಟ್ ಸೀವೆಲ್ 1900ರಲ್ಲಿ ಇವುಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಕೆರೆ ಎರಡು ಮೂರು ಸಲ ಒಡೆಯಿತೆಂದೂ, ಆಗ ಅರಸನು 60 ಜನರ ತಲೆ ಕಡಿಸಿದನೆಂದೂ ಪಾಯೆಸ್ ಹೇಳುತ್ತಾನೆ. ಕಣಿವೆಗೆ ಕಲ್ಲುಬಂಡೆಗಳನ್ನು ಉರುಳಿಸಿ ಹಗಲು ಮಾಡಿದ ಕೆಲಸವೆಲ್ಲ ಇರುಳು ಹಾಳಾಗುತ್ತಿತ್ತೆಂದೂ, ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳನ್ನು ಕೊಲ್ಲಿಸಿದ ಮೇಲೆ ಕೆಲಸ ಮುಂದುವರಿಯಿತೆಂದೂ ನೂನಿಜ್ ಬರೆಯುತ್ತಾನೆ. ಬಾಲ್ಕನ್ ಗೀತೆಗಳ ಸೂತ್ರವೇ ಇಲ್ಲಿ ಇತಿಹಾಸದ ವೇಷದಲ್ಲಿದೆ. ಆದ್ದರಿಂದ ಇದನ್ನು ನಡೆದ ಸಂಗತಿಯೆಂದು ಒಪ್ಪುವ ಮುನ್ನ ನೂನಿಜ್ ಕೇಳಿದ ಕಥೆಯೆಂದು ಪರಿಗಣಿಸುವುದು ಲೇಸು.

ಆದರೂ ಈ ಸೂತ್ರದ ಹಿಂದೆ ಅನುಭವವಿದೆ. ಒದ್ದೆ ಜೇಡಿನ ಮೇಲೆ ಅವಸರದಿಂದ ಭಾರ ಹೇರಿದಾಗ ಆ ಭಾರವನ್ನು ಮೊದಲು ಹೊರುವುದು ಮಣ್ಣಿನ ಕಣಗಳಲ್ಲ, ಅವುಗಳ ನಡುವಿನ ನೀರು. ನೀರಿನ ಒತ್ತಡ ಇಳಿಯುವವರೆಗೆ ಮಣ್ಣಿಗೆ ತಕ್ಕ ಬಲ ಬಾರದು. ಕಾರ್ಲ್ ಟರ್ಜಾಗಿ 1920ರ ದಶಕದಲ್ಲಿ ಶಾಸ್ತ್ರವಾಗಿಸಿದ ತತ್ವವಿದು. ಕಟ್ಟಿದೊಡನೆ ನಿಂತಂತೆ ಕಂಡದ್ದು ಕೆಲವು ಗಳಿಗೆಗಳ ನಂತರ ಜಾರಬಹುದು. ಪಾಯೆಸ್ ಹೇಳುವ ‘ಒಡೆಯುವಿಕೆ’ ಬೇರೆ ಬಗೆಯದು. 10 ಮೀಟರ್ ಆಳದ ನೀರು ಏರಿಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 50 ಟನ್ ಬಲದಿಂದ ಒತ್ತುತ್ತದೆ. ಆಳ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಜೊತೆಗೆ ಏರಿಯೊಳಗೆ ಜಿನುಗುವ ನೀರು ನುಣ್ಣನೆಯ ಮಣ್ಣನ್ನು ಹೊತ್ತೊಯ್ದು ಒಳಗೊಳಗೇ ಬಿಲ ಕೊರೆಯಬಲ್ಲದು. ಅಮೆರಿಕದ ಟೀಟನ್ ಅಣೆಕಟ್ಟು 1976ರಲ್ಲಿ ಮೊದಲ ಬಾರಿ ತುಂಬುತ್ತಿರುವಾಗಲೇ ಇಂತಹ ಒಳಸವೆತದಿಂದ ಒಡೆಯಿತು.

ಈ ಬೆಳಕಿನಲ್ಲಿ ನೂನಿಜನ ಬರಹವನ್ನು ಮತ್ತೊಮ್ಮೆ ಓದಬೇಕು. ಬಲಿಯ ವಿವರದ ಬೆನ್ನಲ್ಲೇ ಅವನು ಏರಿಯ ವಿವರ ಕೊಡುತ್ತಾನೆ: ಅದು ಬಹಳ ಎತ್ತರ, ಅಗಲವೋ ಬಾಣ ಹಾರುವಷ್ಟು ದೂರ, ಕೆಳಗೆ ನೀರು ಹೊರಬಿಡುವ ಕೊಳವೆಗಳು, ಬೇಕಾದಾಗ ಮುಚ್ಚುವ ವ್ಯವಸ್ಥೆ. ಅಗಲವಾದ ಏರಿ ತನ್ನ ತೂಕದಿಂದ ನೀರಿನ ಒತ್ತಡವನ್ನು ಎದುರಿಸುತ್ತದೆ, ಜಿನುಗುವ ನೀರಿನ ದಾರಿಯನ್ನು ಉದ್ದವಾಗಿಸಿ ಅದರ ವೇಗವನ್ನು ತಗ್ಗಿಸುತ್ತದೆ. ತೂಬು ನೀರಿನ ಮಟ್ಟವನ್ನು ಅಂಕೆಯಲ್ಲಿಡುತ್ತದೆ. ಒಂದೇ ಪ್ರಶ್ನೆಗೆ ಈ ಬರಹದಲ್ಲಿ ಎರಡು ಉತ್ತರಗಳಿವೆ. ರಕ್ತದ ಉತ್ತರವನ್ನು ಲೋಕ ನೆನಪಿಟ್ಟಿತು. ಅಗಲದ ಉತ್ತರವನ್ನು ಕಂಡುಕೊಂಡವರ ಹೆಸರು ಉಳಿಯಲಿಲ್ಲ. ನೂನಿಜ್ ಹೆಸರಿಸುವುದು ಜೋವಾವ್ ದೆ ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕುಟಿಗನೊಬ್ಬನನ್ನು ಮಾತ್ರ. ಸುಣ್ಣದ ಗೂಡು ಬೇಕೆಂದ ಅವನ ಮಾತಿಗೆ ಅರಸನು ನಕ್ಕನೆಂದೂ ಅವನೇ ಹೇಳುತ್ತಾನೆ. ಮಣ್ಣು ಹೊತ್ತ ಸಾವಿರಾರು ದೇಶೀ ಕೈಗಳು ಅನಾಮಿಕವಾಗಿಯೇ ಉಳಿದಿವೆ.

ಹಾಗೆಂದು ಕಥನಗೀತೆಯನ್ನು ಎಂಜಿನಿಯರಿಂಗ್ ಕೈಪಿಡಿಯಾಗಿ ಓದಬೇಕೆಂಬುದು ಈ ಲೇಖನದ ವಾದವಲ್ಲ. ಮಣ್ಣು ಏಕೆ ಜಾರಿತೆಂದು ಬಲವಿಜ್ಞಾನ ಹೇಳಬಲ್ಲದು. ಜಾರಿದ ಮಣ್ಣಿಗೆ ಕಿರಿಯ ಸೊಸೆಯನ್ನೋ ಸೆರೆಯಾಳನ್ನೋ ಏಕೆ ಆರಿಸಲಾಯಿತೆಂದು ಅದು ಹೇಳಲಾರದು. ಅದನ್ನು ಹೇಳಬೇಕಾದುದು ಜಾನಪದ. ಕುಸಿತದ ಕಾರಣವನ್ನು ನೆಲದಲ್ಲಿ ಹುಡುಕುವ ಬದಲು ದೈವದ ಮುನಿಸಿನಲ್ಲಿ ಹುಡುಕಿದಾಗ ಅದರ ಬೆಲೆ ತೆರುವವರು ಎದುರು ಮಾತನಾಡಲಾರದವರೇ ಆಗಿರುತ್ತಾರೆ. ಬಲಿಯನ್ನು ಕೇವಲ ತ್ಯಾಗವೆಂದು ಕೊಂಡಾಡುವ ನಮ್ಮ ವಿಮರ್ಶೆಯು ಈ ಆಯ್ಕೆಯನ್ನು ಮರೆಸುತ್ತದೆ. ಕೆರೆ ಕಟ್ಟುವವರ ತಿಳಿವಳಿಕೆಯನ್ನು, ಏರಿಯ ಅಗಲ, ತೂಬು, ಕೋಡಿಗಳ ಬಗೆಗಿನ ಅವರ ಮಾತುಗಳನ್ನು ಹಾಡುಗಳಷ್ಟೇ ಶ್ರದ್ಧೆಯಿಂದ ಸಂಗ್ರಹಿಸಿದಾಗ ಮಾತ್ರ ಈ ಆಶಯದ ಅಧ್ಯಯನ ಪೂರ್ಣವಾದೀತು.