ವೀರಗಲ್ಲು, ಮೈಲಿಗಲ್ಲು, ಗೋಡೆಚಿತ್ರ: ಆಂಟಾಪ್ ಹಿಲ್ಲನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

ನಗರಗಳ ಹಳೆಯ ಭಾಗಗಳಿಗೆ ಮರುಜೀವ ಕೊಡಲು ಗೋಡೆಗಳಿಗೆ ಚಿತ್ರ ಬರೆಸುವುದು, ದಾರಿ ತೋರುವ ಫಲಕಗಳನ್ನು ನೆಡುವುದು ಈಗ ಬಹುಮಟ್ಟಿಗೆ ಒಪ್ಪಿತವಾದ ಕ್ರಮ. ಇದರ ಚರ್ಚೆ ಹೆಚ್ಚಾಗಿ ವಾಸ್ತುಶಿಲ್ಪಿಗಳ, ನಗರಯೋಜಕರ ವಲಯದಲ್ಲೇ ನಡೆಯುತ್ತದೆ. ಶಾಸನಗಳನ್ನು ಓದುವವರಿಗೂ ಇಲ್ಲಿ ಹೇಳಲು ಮಾತಿದೆಯೆಂಬುದು ನಮ್ಮ ನಂಬಿಕೆ. ಬೀದಿಯಲ್ಲಿ ನಿಲ್ಲಿಸಿದ ಶಿಲ್ಪವೂ ಬೀದಿಯಲ್ಲಿ ನಿಲ್ಲಿಸಿದ ಬರಹವೂ ಒಂದೇ ಕಲ್ಲಿನಲ್ಲಿ ಕೂಡಿಬಂದ ಪರಂಪರೆ ಕನ್ನಡದ್ದು.

ಮುಂಬಯಿಯ ವಡಾಲ ಮತ್ತು ಸಯನ್ ಭಾಗಗಳಿಗೆ ಹತ್ತಿಕೊಂಡಿರುವ ಆಂಟಾಪ್ ಹಿಲ್ಲನ್ನು ನಾವು ಉದಾಹರಣೆಗೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪ್ರವಾಸಿಗರನ್ನು ಸೆಳೆಯುವ ಭವ್ಯ ಕಟ್ಟಡಗಳ ಪ್ರದೇಶ ಇದಲ್ಲ. ಶೇಖ್ ಮಿಸ್ರಿ ದರ್ಗಾ, ಕೇಂದ್ರ ಸರ್ಕಾರಿ ನೌಕರರ ವಸತಿಗಳ ಸೆಕ್ಟರುಗಳು, ವಡಾಲದ ಕಡೆಗೆ ಒಂದು ಕಾಲಕ್ಕೆ ಹರಡಿದ್ದ ಉಪ್ಪಿನ ಗದ್ದೆಗಳು, ಇವು ಇಲ್ಲಿಯ ಗುರುತುಗಳು. ಪತ್ರಿಕೆಗಳಲ್ಲಿ ಈ ಹೆಸರು ಬಹುಕಾಲ ಅಪರಾಧದ ಸುದ್ದಿಗಳ ಜೊತೆಯಲ್ಲೇ ಬರುತ್ತಿತ್ತು. ಇಂಥ ಕಡೆ ಗೋಡೆಗೆ ಬಣ್ಣ ಬಂದಾಗ ಅದು ನೆನಪನ್ನು ಎಬ್ಬಿಸುತ್ತದೆಯೋ, ಅಪಖ್ಯಾತಿಯ ಜೊತೆಗೆ ಅಲ್ಲಿ ಬಾಳಿದವರನ್ನೂ ಒರೆಸಿಹಾಕುತ್ತದೆಯೋ ಎಂಬ ಪ್ರಶ್ನೆ ಏಳುತ್ತದೆ.

ಈ ನಗರಕ್ಕೆ ದಾರಿ ತೋರುವ ಕಲ್ಲುಗಳು ಹೊಸವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನೆಟ್ಟ ಮೈಲಿಗಲ್ಲುಗಳು ಕೋಟೆಯೊಳಗಿನ ಸೇಂಟ್ ಥಾಮಸ್ ಚರ್ಚಿನಿಂದ ದೂರವನ್ನು ರೋಮನ್ ಅಂಕಿಗಳಲ್ಲಿ ಹೇಳುತ್ತವೆ. ರಸ್ತೆಯ ಮಟ್ಟ ಏರಿದಂತೆ ಮಣ್ಣಿನಲ್ಲಿ ಹೂತಿದ್ದ ಕೆಲವನ್ನು ಈಚಿನ ವರ್ಷಗಳಲ್ಲಿ ಮೇಲೆತ್ತಿ ದುರಸ್ತಿ ಮಾಡಿದ್ದಾರೆ. ಕೆಲಸ ಒಳ್ಳೆಯದೇ. ಆದರೆ ಈ ಕಲ್ಲು ತಾನು ನಿಂತ ಊರಿನ ವಿಷಯ ಏನನ್ನೂ ಹೇಳುವುದಿಲ್ಲ. ಆಳುವವರ ಕೇಂದ್ರದಿಂದ ಅದು ಎಷ್ಟು ದೂರ ಎಂಬುದಷ್ಟೇ ಅದರ ಮಾತು. 1669ರಿಂದ 1677ರ ಅವಧಿಯಲ್ಲಿ ಕಟ್ಟಿದ ಸಯನ್ ಕೋಟೆಯೂ ಅಂಥದೇ: ಆಂಗ್ಲರ ದ್ವೀಪಕ್ಕೂ ಪೋರ್ಚುಗೀಸರ ಸಾಷ್ಟಿಗೂ ನಡುವಿನ ಗಡಿಯನ್ನು ಕಾಯುವುದಕ್ಕೆ ಎದ್ದದ್ದು.

ವೀರಗಲ್ಲಿನ ನಡೆ ಬೇರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಬಹುದು. ಹತ್ತನೆಯ ಶತಮಾನದ ನಡುವಿನ ಈ ಕಲ್ಲು ತಕ್ಕೋಲದ ಕಾಳಗವನ್ನು ಹೇಳುವುದರಿಂದ ಚರಿತ್ರಕಾರರಿಗೆ ಪ್ರಿಯ. ನಮಗೆ ಮುಖ್ಯವಾದುದು ಅದರ ಇನ್ನೊಂದು ಭಾಗ. ಮಣಲೇರನ ನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತದ್ದು, ಅದಕ್ಕಾಗಿ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟದ್ದು ಅಲ್ಲಿ ಉಕ್ತವಾಗಿದೆ. ಆ ಭೂಮಿಯನ್ನು ಉಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಕಟ್ಟಳೆಯೂ ಇದೆ. ಯಾರ ನೆನಪು, ಎಲ್ಲಿ ನಡೆದದ್ದು, ಯಾರು ನೋಡಿಕೊಳ್ಳಬೇಕು, ಯಾವ ಆದಾಯದಿಂದ, ತಪ್ಪಿದರೆ ಏನು ಎಂಬೆಲ್ಲವನ್ನೂ ಕಲ್ಲೇ ಹೇಳುತ್ತದೆ. ನಿರ್ವಹಣೆಯ ಕರಾರು ಕಲಾಕೃತಿಯ ಮೈಮೇಲೆಯೇ ಇದೆ! ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಆದರೆ ಅಲ್ಲಿ ಅದಕ್ಕೆ ಊರೂ ಇಲ್ಲ, ಗೊರವನೂ ಇಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ದೊರೆತ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲಿನ ಗತಿ ಭಿನ್ನವಾಯಿತು. ಅದನ್ನು ಅಲ್ಲಿಯೇ ಉಳಿಸಿಕೊಂಡು ಜನರ ನೆರವಿನಿಂದ ಮಂಟಪ ಕಟ್ಟಲಾಯಿತು. ಮುಂಬಯಿಯ ಬೊರಿವಿಲಿಯಲ್ಲಿ ನಾವೆಗಳ ಕಾಳಗವನ್ನು ಕೆತ್ತಿರುವ ಎಕ್ಸರಿನ ವೀರಗಲ್ಲುಗಳಿವೆ. ಈ ಬಗೆಯ ಕಲ್ಲು ಮುಂಬಯಿಗೂ ಅಪರಿಚಿತವಲ್ಲ.

ಈ ಅಳತೆಯಲ್ಲಿ ಈಗಿನ ಪ್ರಯತ್ನಗಳನ್ನು ನೋಡಬೇಕು. 2017ರ ಕೊನೆಯಲ್ಲಿ ಸಸೂನ್ ಡಾಕಿನಲ್ಲಿ ನಡೆದ ಕಲಾಪ್ರದರ್ಶನದಲ್ಲಿ ಕೋಳಿ ಸಮುದಾಯದವರ ದೊಡ್ಡ ಭಾವಚಿತ್ರಗಳು ಗೋಡೆಯನ್ನೇರಿದವು. ದುಡಿಯುವವರ ಮುಖ ಗೋಡೆಗೆ ಬಂದದ್ದು ಸಣ್ಣ ಮಾತಲ್ಲ. ಆದರೂ ಪ್ರದರ್ಶನದ ಅವಧಿ ಎರಡು ತಿಂಗಳಿಗೂ ಕಡಿಮೆ. ರಾಯಲ್ ಒಪೇರಾ ಹೌಸ್ 1993ರಲ್ಲಿ ಮುಚ್ಚಿ 2016ರಲ್ಲಿ ಜೀರ್ಣೋದ್ಧಾರಗೊಂಡು ತೆರೆಯಿತು. ಗಾರೆಯ ಕೆಲಸ, ಗುಮ್ಮಟ ಎಲ್ಲ ಮರಳಿದವು. ಅಲ್ಲಿ ಕಸ ಗುಡಿಸುವವನೊಬ್ಬ ಪ್ರೇಕ್ಷಕರು ಮರೆತುಹೋದ ವಸ್ತುಗಳನ್ನು ಹೆಕ್ಕಿಡುವುದನ್ನು ಕಾಣಬೇಕಾದರೆ ಮಾತ್ರ ನಾವು ಜಯಂತ ಕಾಯ್ಕಿಣಿಯವರ ‘ಒಪೇರಾ ಹೌಸ್’ ಕಥೆಗೇ ಹೋಗಬೇಕು. ಮುಂಬಯಿಯ ಕನ್ನಡ ಕಥನ ಇಂಥ ಕೆಲಸವನ್ನು ಯಾವ ಯೋಜನೆಯ ಹಂಗೂ ಇಲ್ಲದೆ ಮಾಡಿಕೊಂಡು ಬಂದಿದೆ.

ಆಂಟಾಪ್ ಹಿಲ್ಲಿಗೆ ಮರಳೋಣ. 2019ರ ಮಾರ್ಚಿನಲ್ಲಿ ಮೊನೊರೈಲಿನ ಎರಡನೆಯ ಹಂತ ತೆರೆದಾಗ ಒಂದು ನಿಲ್ದಾಣಕ್ಕೆ ಈ ಹೆಸರು ಬಂತು. ನಿಲ್ದಾಣದ ಹೆಸರು ಇಳಿಯುವುದಕ್ಕೆ ಸಾಕು, ಒಳಗೆ ನಡೆಯುವುದಕ್ಕೆ ಸಾಲದು. ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ, ಮಾಟುಂಗಾದ ಮೈಸೂರು ಅಸೋಸಿಯೇಷನ್, 1942ರಲ್ಲಿ ಅಲ್ಲಿಯೇ ತೊಡಗಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವೆಲ್ಲ ಈ ಭಾಗದ ಕನ್ನಡಿಗರಿಗೆ ದಾರಿ ಹೇಳಲು ಒದಗುವ ಹೆಸರುಗಳು. ತಮಿಳರಿಗೆ, ಉರ್ದು ಆಡುವವರಿಗೆ, ಮರಾಠಿಗರಿಗೆ ಅವರವರ ಹೆಸರುಗಳಿರುತ್ತವೆ. ಚಿತ್ರಕಾರನನ್ನು ಕರೆಸುವ ಮುನ್ನ ಈ ಹೆಸರುಗಳನ್ನು ಬೀದಿಬೀದಿಯಾಗಿ ಕಲೆಹಾಕುವ ಕ್ಷೇತ್ರಕಾರ್ಯ ಆಗಬೇಕು. ಅದಕ್ಕೆ ಬೇಕಾದ ತರಬೇತಿ ಸ್ಥಳನಾಮಗಳ ಅಧ್ಯಯನ ಮಾಡಿದವರಲ್ಲಿದೆ. ಫಲಕದ ಭಾಷೆ ಯಾವುದಿರಬೇಕೆಂಬ ಜಗಳ ಆಮೇಲೆ ಹೇಗೂ ಬರುತ್ತದೆ, ಬರಲಿ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಆತಕೂರಿನ ಕಲ್ಲು ಕೇಳುವ ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಆ ಫಲಕವನ್ನು ಒರೆಸುವವರು ಯಾರು, ಅವರ ಅನ್ನಕ್ಕೆ ಏನು ಬಿಡಲಾಗಿದೆ?