ಬಿ.ಎಂ.ಶ್ರೀ ನಾಟಕಗಳಲ್ಲಿ ಮಂತ್ರಾಲೋಚನೆ

ಪ್ರಭುವಿನ ನಿರ್ಧಾರವನ್ನು ತಮ್ಮತ್ತ ಒಲಿಸಿಕೊಳ್ಳಲು ಮಂತ್ರಿಗಳು, ಬಂಧುಗಳು, ಸಹಚರರು ನಡೆಸುವ ಪೈಪೋಟಿ ರಾಜ್ಯಶಾಸ್ತ್ರದ ವಿಷಯ ಮಾತ್ರವಲ್ಲ; ರುದ್ರನಾಟಕದ ವಸ್ತುವೂ ಹೌದು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ.ಶ್ರೀಕಂಠಯ್ಯನವರ ‘ಗದಾಯುದ್ಧ ನಾಟಕಂ’ (1926) ಮತ್ತು ‘ಪಾರಸಿಕರು’ (1935) ಕೃತಿಗಳನ್ನು ಈ ದೃಷ್ಟಿಯಿಂದ ಜೊತೆಯಲ್ಲಿಟ್ಟು ಪರಿಶೀಲಿಸುವುದು ಉಚಿತ. ಮೊದಲನೆಯದು ರನ್ನನ ಕಾವ್ಯದ ನಾಟಕರೂಪ. ಎರಡನೆಯದು ಗ್ರೀಕ್ ಕವಿ ಈಸ್ಕಿಲಸನ ನಾಟಕದ ಕನ್ನಡ ಅವತರಣಿಕೆ.

ರನ್ನನ ದುರ್ಯೋಧನನಿಗೆ ಹಿತೋಪದೇಶದ ಕೊರತೆಯಿಲ್ಲ. ಧೃತರಾಷ್ಟ್ರ, ಗಾಂಧಾರಿ, ಶರಶಯ್ಯೆಯ ಭೀಷ್ಮ ಎಲ್ಲರೂ ಸಂಧಿಯನ್ನೇ ಬಯಸುತ್ತಾರೆ. ಆದರೆ ಮಡಿದ ಕರ್ಣ, ದುಶ್ಶಾಸನರ ನೆನಪು ಬದುಕಿರುವವರ ಮಾತಿಗಿಂತ ಬಲವಾಗುತ್ತದೆ. ಭೀಷ್ಮನ ಸೂಚನೆಗೆ ಮಣಿದು ವೈಶಂಪಾಯನ ಸರೋವರದಲ್ಲಿ ಅಡಗಿದರೂ, ಭೀಮನ ಮೂದಲಿಕೆ ಅವನನ್ನು ಹೊರಗೆಳೆಯುತ್ತದೆ. ಹಿರಿಯರು ಅರಸನ ಹಿತವನ್ನು ಕುರಿತು ಮಾತನಾಡಿದರೆ, ಶತ್ರು ಅವನ ಅಭಿಮಾನವನ್ನು ಕೆಣಕಿ ಗೆಲ್ಲುತ್ತಾನೆ.

ಪಾರಸಿಕರ ಕಥೆಯಲ್ಲಿಯೂ ಇದೇ ವಿನ್ಯಾಸವಿದೆ. ತಂದೆಯಂತೆ ಸಂಪತ್ತು ಗಳಿಸಲಿಲ್ಲವೆಂದು ಚುಚ್ಚಿದ ದುಷ್ಟ ಸಹಚರರೇ ಕ್ಸೆರ್ಕ್ಸೀಸನನ್ನು ದಂಡಯಾತ್ರೆಗೆ ಪ್ರೇರಿಸಿದರೆಂದು ರಾಜಮಾತೆ ಹೇಳುತ್ತಾಳೆ. ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಗ್ರೀಕರ ಕಡೆಯಿಂದ ಬಂದ ಕಪಟ ಸಂದೇಶವನ್ನು ನಂಬಿ ಅವನು ನೌಕಾಬಲವನ್ನು ಕಳೆದುಕೊಳ್ಳುತ್ತಾನೆ. ಮಗನಿಗೆ ಬುದ್ಧಿ ಹೇಳಬೇಕೆಂದು ದಾರಿಯಸನ ಪ್ರೇತ ವೃದ್ಧರಿಗೆ ಸೂಚಿಸುತ್ತದೆ. ಆದರೆ ಸೋತ ಅರಸ ಬಂದಾಗ ಅವರ ಮಾತು ಉಪದೇಶವಾಗದೆ ಪ್ರಲಾಪವಾಗುತ್ತದೆ.

ದುರ್ಯೋಧನನ ದುರಂತಕ್ಕೆ ಅವನ ಛಲವೇ ಕಾರಣವೆಂಬ ವಿಮರ್ಶೆ ಸಾಧುವಾದರೂ ಅಪೂರ್ಣ. ಎರಡೂ ನಾಟಕಗಳಲ್ಲಿ ವಿವೇಕದ ಮಾತು ವೇದಿಕೆಗೆ ಬರುವುದು ಸೇನೆ ನಾಶವಾದ ಬಳಿಕ. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, ವಾಯುದಾಳಿಯ ಪರ ಹಾಗೂ ನೌಕಾ ದಿಗ್ಬಂಧನದ ಪರ ವಾದಿಸಿದ ಸಲಹೆಗಾರರಿಬ್ಬಣವನ್ನೂ ಆಲಿಸಿ ದಿಗ್ಬಂಧನವನ್ನು ಆಯ್ದುಕೊಂಡರು. ಅಲ್ಲಿ ಭಿನ್ನಮತ ನಿರ್ಧಾರಕ್ಕೆ ಮುನ್ನವೇ ವ್ಯಕ್ತವಾಗಿತ್ತು. ಆದುದರಿಂದ ಈ ನಾಟಕಗಳು ಎತ್ತುವ ಪ್ರಶ್ನೆ ಅರಸನ ದೋಷಕ್ಕೆ ಮಾತ್ರ ಸೀಮಿತವಲ್ಲ. ಕೇಡನ್ನು ತಡೆಯಬಹುದಾಗಿದ್ದ ಕಾಲದಲ್ಲಿ ಸಭೆಯಲ್ಲಿ ಯಾರ ಧ್ವನಿ ಕೇಳಿಸುತ್ತಿತ್ತು, ಯಾರದು ಅಡಗಿತ್ತು ಎಂಬುದನ್ನೂ ಅವು ವಿಚಾರಣೆಗೆ ಒಡ್ಡುತ್ತವೆ. ಬಿ.ಎಂ.ಶ್ರೀ ರನ್ನನನ್ನೂ ಈಸ್ಕಿಲಸನನ್ನೂ ಒಂದೇ ರಂಗಭೂಮಿಗೆ ತಂದುದರ ಮಹತ್ವ ಇಲ್ಲಿದೆ.